ಮೊದಲ ಕಾಂಪೌಂಡ್ ಬಿಲ್ಲು: ಮೈಯಳತೆಯಿಂದ ಶುರುಮಾಡಿ ಆರಿಸುವ ಕ್ರಮ

ತುದಿಗಳು ಮುಂದಕ್ಕೆ ಬಾಗಿದ ರಿಕರ್ವ್ ಬಿಲ್ಲನ್ನು ಯಾರ ಕೈಗೆ ಕೊಟ್ಟರೂ ಅವರವರ ತೋಳು ಹೋದಷ್ಟು ದೂರ ಹೆದೆ ಹಿಂದಕ್ಕೆ ಬರುತ್ತದೆ. ಕಾಂಪೌಂಡ್ ಹಾಗಲ್ಲ. ಅದರ ತುದಿಗಳಲ್ಲಿರುವ ಗಾಲಿಯಂಥ ಕ್ಯಾಮ್‌ಗಳು ಒಂದು ಗೊತ್ತಾದ ಜಾಗದವರೆಗೆ ತಿರುಗಿ ನಿಂತುಬಿಡುತ್ತವೆ. ಅಲ್ಲಿಂದಾಚೆ ಹೆದೆ ಗೋಡೆಗೆ ತಾಗಿದಂತೆ ನಿಲ್ಲುತ್ತದೆ. ಬಿಲ್ಲುಗಾರರು ಅದನ್ನು 'ವಾಲ್' ಎಂದೇ ಕರೆಯುತ್ತಾರೆ. ಆ ಗೋಡೆ ನಿಮ್ಮ ದವಡೆಯ ಪಕ್ಕಕ್ಕೆ ಸರಿಯಾಗಿ ಬಂದರೆ ಬಿಲ್ಲು ನಿಮ್ಮದು. ಒಂದು ಇಂಚು ಹಿಂದೆಯೋ ಮುಂದೆಯೋ ಇದ್ದರೆ, ಎಷ್ಟೇ ದುಬಾರಿಯಾಗಿದ್ದರೂ ಅದು ಬೇರೆಯವರ ಬಿಲ್ಲು.

ಹಾಗಾಗಿ ಕಂಪನಿ ಯಾವುದು, ವೇಗ ಎಷ್ಟು ಎಂಬ ಪ್ರಶ್ನೆಗಳು ಆಮೇಲಿನವು. ಮೊದಲು ಮೈಯಳತೆ. ಕೈಗಳಿಲ್ಲದೆ ಹುಟ್ಟಿದ ಜಮ್ಮುವಿನ ಶೀತಲ್ ದೇವಿ ಬಲಗಾಲಿನಲ್ಲಿ ಬಿಲ್ಲು ಹಿಡಿದು, ಭುಜಕ್ಕೆ ಕಟ್ಟಿದ ರಿಲೀಸರ್‌ನಿಂದ (ಹೆದೆಯನ್ನು ಹಿಡಿದೆಳೆದು ಬಿಡುವ ಸಾಧನ) ಹೆದೆ ಎಳೆದು, 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ರಾಕೇಶ್ ಕುಮಾರ್ ಜೊತೆ ಮಿಶ್ರ ತಂಡದ ಕಂಚು ಗೆದ್ದರು. ಬಿಲ್ಲನ್ನು ದೇಹಕ್ಕೆ ಹೊಂದಿಸುವುದು ಎಂದರೇನು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ಯಾವ ಆಟಕ್ಕೆ?

ಭಾರತದಲ್ಲಿ ಇದಕ್ಕೆ ಉತ್ತರ ಬಹುತೇಕ ಒಂದೇ: ಟಾರ್ಗೆಟ್, ಅಂದರೆ ಗೊತ್ತಾದ ದೂರದ ಗುರಿಗೆ ಹೊಡೆಯುವ ಆಟ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ನಿಷಿದ್ಧ. ಆದರೆ ಆನ್‌ಲೈನ್‌ನಲ್ಲಿ ಕಾಣುವ ಬಿಲ್ಲುಗಳಲ್ಲಿ ಹೆಚ್ಚಿನವು ಅಮೆರಿಕದ ಬೇಟೆಗಾರರಿಗಾಗಿ ಮಾಡಿದವು: ಗಿಡ್ಡ, ಹಗುರ, 60-70 ಪೌಂಡ್ ಬಲದವು. ಅವುಗಳ ಜೊತೆ ಬರುವ ಬ್ಲೇಡ್ ಮೊನೆಯ ಬಾಣಗಳು ನಿಮಗೆ ಯಾವ ಕೆಲಸಕ್ಕೂ ಬಾರದವು, ಬಾಣ ನಾಟುವ ದಪ್ಪ ಹಲಗೆಯಾದ ಟಾರ್ಗೆಟ್ ಬಟ್ ಅನ್ನು ಸೀಳಿ ಹಾಕುವಂಥವು.

ವರ್ಲ್ಡ್ ಆರ್ಚರಿ ನಿಯಮದಂತೆ ಹೊರಾಂಗಣದಲ್ಲಿ ಕಾಂಪೌಂಡ್ ದೂರ 50 ಮೀಟರ್, ಗುರಿ 80 ಸೆಂಟಿಮೀಟರ್‌ನ ಆರು ಉಂಗುರದ ಹಾಳೆ, ಅದರಲ್ಲಿ ಹತ್ತರ ಉಂಗುರದ ಅಗಲ ಬರೀ 8 ಸೆಂಟಿಮೀಟರ್. ಅರ್ಹತಾ ಸುತ್ತಿನಲ್ಲಿ 72 ಬಾಣ, ಗರಿಷ್ಠ 720 ಅಂಕ. ಬಿಲ್ಲಿನ ಬಲ 60 ಪೌಂಡ್ ಮೀರುವಂತಿಲ್ಲ. ಒಳಾಂಗಣದಲ್ಲಿ ದೂರ 18 ಮೀಟರ್. ನಮ್ಮ ರಾಷ್ಟ್ರೀಯ ಸ್ಪರ್ಧೆಗಳಲ್ಲಿ ಇಂಡಿಯನ್ ರೌಂಡ್ (ಬಿದಿರಿನ ಬಿಲ್ಲು), ರಿಕರ್ವ್, ಕಾಂಪೌಂಡ್ ಎಂದು ಮೂರು ಬೇರೆ ಬೇರೆ ವಿಭಾಗಗಳಿವೆ. ಒಂದರ ಬಿಲ್ಲು ಇನ್ನೊಂದಕ್ಕೆ ನಡೆಯುವುದಿಲ್ಲ. 2023ರ ಬರ್ಲಿನ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅದಿತಿ ಸ್ವಾಮಿ, ಓಜಸ್ ದೇವತಳೆ ವೈಯಕ್ತಿಕ ಚಿನ್ನ ಗೆದ್ದದ್ದೂ, ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ ಐದೂ ಚಿನ್ನ ಭಾರತಕ್ಕೆ ಬಂದದ್ದೂ ಕಾಂಪೌಂಡ್‌ನಲ್ಲೇ. 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಕಾಂಪೌಂಡ್ ಮಿಶ್ರ ತಂಡ ಸ್ಪರ್ಧೆಯೂ ಇರುತ್ತದೆ.

ಹೆಜ್ಜೆ 1: ಯಾವ ಕಣ್ಣು, ಯಾವ ಕೈ

ಎರಡೂ ಕೈ ಮುಂದಕ್ಕೆ ಚಾಚಿ, ಅಂಗೈಗಳನ್ನು ಒಂದರ ಮೇಲೊಂದು ಇಟ್ಟು ನಡುವೆ ರೂಪಾಯಿ ನಾಣ್ಯದಷ್ಟು ಕಿಂಡಿ ಬಿಡಿ. ಎರಡೂ ಕಣ್ಣು ತೆರೆದು, ಕಿಂಡಿಯಲ್ಲಿ ದೂರದ ಒಂದು ವಸ್ತುವನ್ನು ನೋಡಿ. ಈಗ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಿದ್ದಾಗ ವಸ್ತು ಕಿಂಡಿಯಲ್ಲೇ ಉಳಿಯುತ್ತದೋ ಅದೇ ನಿಮ್ಮ ಗುರಿ ಹಿಡಿಯುವ ಕಣ್ಣು. ಮೂರು ಸಲ ಮಾಡಿ ಖಚಿತಪಡಿಸಿಕೊಳ್ಳಿ.

'ರೈಟ್ ಹ್ಯಾಂಡ್' ಬಿಲ್ಲು ಎಂದರೆ ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಹೆದೆ ಎಳೆಯುವ ಬಿಲ್ಲು. ಇಲ್ಲಿ ತಲೆಕೆಳಗಾಗಿ ಅರ್ಥ ಮಾಡಿಕೊಂಡು ಆರ್ಡರ್ ಮಾಡುವವರು ಬಹಳ. ಕಾಂಪೌಂಡ್‌ನ ರೈಸರ್, ಅಂದರೆ ನಡುವಿನ ಲೋಹದ ಮೈ, ಒಂದೇ ಕೈಗೆಂದು ಕೊರೆದದ್ದು. ಆಮೇಲೆ ಬದಲಾಯಿಸಲು ಬರುವುದಿಲ್ಲ. ಬಲಗೈ ರೂಢಿಯವರಿಗೆ ಎಡಗಣ್ಣು ಬಲವಾಗಿದ್ದರೆ ಹೊಸಬರಾಗಿರುವಾಗಲೇ ಎಡಗೈ ಬಿಲ್ಲಿಗೆ ಹೋಗುವುದು ನಮ್ಮ ಸಲಹೆ. ಕೈಗೆ ಹೊಸದನ್ನು ಎರಡು ವಾರದಲ್ಲಿ ಕಲಿಸಬಹುದು, ಕಣ್ಣಿಗೆ ಅಷ್ಟು ಸುಲಭವಲ್ಲ. ಎಡಗೈ ಬಿಲ್ಲು ಊರಲ್ಲಿ ಸಿಗದೇ ಹೋದರೆ ಎಡಗಣ್ಣನ್ನು ಮರೆಮಾಡಿಕೊಂಡು ಬಲಗೈಯಲ್ಲೇ ಆಡುವವರೂ ಇದ್ದಾರೆ.

ಹೆಜ್ಜೆ 2: ಡ್ರಾ ಲೆಂತ್

ಪೂರ್ತಿ ಎಳೆದಾಗ ಹೆದೆ ಎಷ್ಟು ಹಿಂದಕ್ಕೆ ಬರುತ್ತದೆ ಎಂಬ ಅಳತೆಯೇ ಡ್ರಾ ಲೆಂತ್. ಇಡೀ ಆಯ್ಕೆಯಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೆ.

ಬರಿಗಾಲಲ್ಲಿ ಗೋಡೆಗೆ ಬೆನ್ನು ತಾಗಿಸಿ ನಿಂತು, ಎರಡೂ ತೋಳನ್ನು ಭುಜದ ಮಟ್ಟಕ್ಕೆ ಅಗಲಿಸಿ. ಎಳೆದು ಹಿಗ್ಗಿಸಬೇಡಿ, ಸಹಜವಾಗಿರಲಿ. ಒಂದು ಕೈಯ ನಡುಬೆರಳ ತುದಿಯಿಂದ ಇನ್ನೊಂದರ ತುದಿಯವರೆಗೆ ಬೇರೊಬ್ಬರಿಂದ ಅಳೆಸಿ. ಇಂಚಿನಲ್ಲಿ ಬಂದದ್ದನ್ನು 2.5ರಿಂದ ಭಾಗಿಸಿ, ಸೆಂಟಿಮೀಟರ್ ಟೇಪ್ ಆದರೆ ನೇರವಾಗಿ 6.35ರಿಂದ ಭಾಗಿಸಿದರೆ ಇಂಚಿನ ಉತ್ತರ ಸಿಗುತ್ತದೆ. ತೋಳಗಲ 155 ಸೆಂಟಿಮೀಟರ್ ಇದ್ದರೆ ಸುಮಾರು 24.5 ಇಂಚು, 168 ಇದ್ದರೆ 26.5, 175 ಇದ್ದರೆ 27.5, 180 ಇದ್ದರೆ 28.5ರ ಹತ್ತಿರ.

ಇದು ಆರಂಭದ ಅಂದಾಜು ಮಾತ್ರ. ಕತ್ತಿನ ಉದ್ದ, ಭುಜದ ಅಗಲ, ರಿಲೀಸರ್ ಬಗೆ ಇವೆಲ್ಲ ಅರ್ಧ ಇಂಚು ಅತ್ತಿತ್ತ ಮಾಡುತ್ತವೆ. ಆದ್ದರಿಂದ ಲೆಕ್ಕಕ್ಕೆ ಬಂದ ಅಳತೆಗಿಂತ ಒಂದು ಇಂಚು ಹೆಚ್ಚೂ ಒಂದು ಇಂಚು ಕಡಿಮೆಯೂ ಹೊಂದಿಸಲು ಬರುವ ಬಿಲ್ಲನ್ನೇ ನೋಡಿ. ನಿಮ್ಮ ಅಳತೆ 26.5 ಆಗಿದ್ದು ಬಿಲ್ಲಿನ ವ್ಯಾಪ್ತಿ 26ರಿಂದ 30 ಇದ್ದರೆ ಅದು ಅಂಚಿನ ಆಯ್ಕೆ, 24.5ರಿಂದ 29 ಇದ್ದರೆ ನೆಮ್ಮದಿ.

ಪಕ್ಕದಿಂದ ಒಬ್ಬರು ಫೋಟೊ ತೆಗೆದರೆ ಸರಿತಪ್ಪು ಕಣ್ಣಿಗೇ ಕಾಣುತ್ತದೆ. ಸರಿಯಾದ ಅಳತೆಯಲ್ಲಿ ಬೆನ್ನು ನೆಟ್ಟಗೆ, ತಲೆ ನೆಟ್ಟಗೆ, ಹೆದೆ ಮೂಗಿನ ತುದಿಗೂ ಬಾಯಿಯ ಅಂಚಿಗೂ ಮೆಲ್ಲಗೆ ತಾಗಿರುತ್ತದೆ. ಎಳೆದ ಕೈಯ ಗೆಣ್ಣು ದವಡೆಯ ಮೂಳೆಗೆ ಕೂತು, ಮೊಣಕೈ ಬಾಣದ ನೇರಕ್ಕೆ ಬರುತ್ತದೆ.

ಉದ್ದ ಹೆಚ್ಚಾದರೆ ಸೊಂಟದಿಂದ ಮೇಲಿನ ಮೈ ಹಿಂದಕ್ಕೆ ವಾಲುತ್ತದೆ, ಕೈ ಕಿವಿಯ ಹಿಂದೆ ಹೋಗುತ್ತದೆ, ಹೆದೆ ಕೆನ್ನೆಯನ್ನು ಒತ್ತುತ್ತದೆ, ಬಿಲ್ಲು ಹಿಡಿದ ಮೊಣಕೈ ಬಿಗಿದು ಹೆದೆ ಮುಂಗೈಗೆ ಬಡಿಯುತ್ತದೆ. ಕೆನ್ನೆ ಒತ್ತಿದ ಹೆದೆ ಬಾಣವನ್ನು ಪಕ್ಕಕ್ಕೆ ತಳ್ಳುತ್ತದೆ. ಗುರಿ ನೋಡುವ ಸೈಟ್ ಅನ್ನು ಎಷ್ಟು ತಿರುಗಿಸಿದರೂ ಬಾಣಗಳು ಎಡಬಲ ಹರಡುತ್ತಲೇ ಇರುತ್ತವೆ. ಉದ್ದ ಕಡಿಮೆಯಾದರೆ ಕೈ ಗಲ್ಲದ ಮುಂದೆಯೇ ನಿಂತು, ಭುಜ ಮೇಲೇರಿ, ಗೂನು ಬಂದಂತಾಗುತ್ತದೆ. ಹೊಸಬರು ಮಾಡುವ ತಪ್ಪು ಹೆಚ್ಚಾಗಿ ಮೊದಲನೆಯದು, ಏಕೆಂದರೆ ಉದ್ದ ಹೆಚ್ಚಿದಷ್ಟೂ ಬಾಣದ ವೇಗ ಹೆಚ್ಚು. ಎರಡರ ನಡುವೆ ಅನುಮಾನ ಬಂದರೆ ಅರ್ಧ ಇಂಚು ಕಡಿಮೆಯದನ್ನೇ ಹಿಡಿಯಿರಿ.

ಕ್ಯಾಮ್ ಮೇಲಿನ ಮಾಡ್ಯೂಲ್ ತಿರುಗಿಸಿ ಅಲೆನ್ ಕೀಯಿಂದ ಬಿಗಿದರೆ ಅಳತೆ ಬದಲಾಗುವ ಬಿಲ್ಲುಗಳಿವೆ. ಪ್ರತಿ ಅಳತೆಗೂ ಬೇರೆ ಮಾಡ್ಯೂಲ್ ಕೊಳ್ಳಬೇಕಾದವೂ ಇವೆ. ಎರಡನೆಯ ಬಗೆಯಾದರೆ ನಿಮಗೆ ಬೇಕಾದ ಮಾಡ್ಯೂಲ್ ಕೈಗೆ ಬರುವ ತನಕ ದುಡ್ಡು ಕೊಡಬೇಡಿ. ಹೊರದೇಶದಿಂದ ಒಂದು ಚಿಕ್ಕ ತುಂಡು ಬರಲೆಂದು ತಿಂಗಳುಗಟ್ಟಲೆ ಬಿಲ್ಲು ಮೂಲೆಯಲ್ಲಿ ನಿಲ್ಲಬೇಕಾಗುತ್ತದೆ.

ಹೆಜ್ಜೆ 3: ಪೌಂಡೇಜ್

ಅಮೆರಿಕದ ಮಿಸ್ಸೌರಿಯ ಹೋಲಸ್ ವಿಲ್ಬರ್ ಅಲೆನ್ 1966ರಲ್ಲಿ ಅರ್ಜಿ ಹಾಕಿ 1969ರಲ್ಲಿ ಪೇಟೆಂಟ್ ಪಡೆದ ಈ ಬಿಲ್ಲಿನ ಜಾಣ್ಮೆಯೆಲ್ಲ ಇಲ್ಲಿದೆ. ಎಳೆತದ ನಡುವಿನಲ್ಲಿ ಪೂರ್ತಿ ಭಾರ, ಅಂದರೆ ಬಿಲ್ಲಿನ ಪೌಂಡೇಜ್, ಬರುತ್ತದೆ, ಕ್ಯಾಮ್ ತಿರುಗಿದ ಮೇಲೆ ಇಳಿಯುತ್ತದೆ. ಈ ಇಳಿತವೇ ಲೆಟ್‌ಆಫ್. 40 ಪೌಂಡ್ ಬಿಲ್ಲಿಗೆ 75 ಶೇಕಡ ಲೆಟ್‌ಆಫ್ ಇದ್ದರೆ ಗುರಿ ಹಿಡಿದು ನಿಂತಾಗ ಬೆರಳಿಗೆ ಬರುವುದು 10 ಪೌಂಡ್. 'ಕೊನೆಗೆ ಹದಿನೈದೇ ಪೌಂಡ್ ತಾನೆ' ಎಂದು 60 ಪೌಂಡ್ ಬಿಲ್ಲು ಕೊಂಡವರು ಮರೆಯುವುದು ಒಂದನ್ನು: ಹದಿನೈದಕ್ಕೆ ಇಳಿಯುವ ಮೊದಲು ಅರವತ್ತನ್ನು ದಾಟಲೇಬೇಕು, ಅದೂ ಒಂದು ಅಭ್ಯಾಸದಲ್ಲಿ ನೂರಾರು ಸಲ.

ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ 10ರಿಂದ 20 ಪೌಂಡ್, ಹದಿಹರೆಯದವರಿಗೂ ಹೆಚ್ಚಿನ ಹೆಂಗಸರಿಗೂ 25ರಿಂದ 35, ಗಂಡಸರಿಗೆ 35ರಿಂದ 45 ಎಂಬುದು ಶುರುವಿಗೆ ಒಳ್ಳೆಯ ಅಂದಾಜು. ಮೈಕಟ್ಟು ನೋಡಿ ನಿರ್ಧರಿಸಬೇಡಿ, ಪರೀಕ್ಷೆ ಮಾಡಿ. ಕುರ್ಚಿಯ ಮೇಲೆ ಕುಳಿತು, ಪಾದಗಳನ್ನು ನೆಲದಿಂದ ತುಸು ಎತ್ತಿ, ಬಿಲ್ಲನ್ನು ಗುರಿಯ ಮಟ್ಟದಲ್ಲೇ ಇಟ್ಟು ಎಳೆಯಿರಿ. ಬಿಲ್ಲನ್ನು ಆಕಾಶಕ್ಕೆ ಎತ್ತದೆ, ಭುಜ ಒದ್ದಾಡದೆ ಎಳೆದು, 20 ಸೆಕೆಂಡ್ ನಿಲ್ಲಿಸಿ, ಮೆಲ್ಲಗೆ ಬಿಟ್ಟುಕೊಡಲು ಆದರೆ ಸರಿ. ಮೂವತ್ತು ಬಾಣ ಹೊಡೆದ ಮೇಲೂ ಅದೇ ಬಗೆಯಲ್ಲಿ ಎಳೆಯಲು ಆಗಬೇಕು. ಇಲ್ಲವಾದರೆ 5 ಪೌಂಡ್ ಇಳಿಸಿ. ಬಿಲ್ಲನ್ನು ಮೇಲಕ್ಕೆತ್ತಿ ಎಳೆಯುವುದು ಕೆಟ್ಟ ಅಭ್ಯಾಸ ಮಾತ್ರವಲ್ಲ, ಅಪಾಯ. ಆ ಗಳಿಗೆಯಲ್ಲಿ ರಿಲೀಸರ್ ಬಿಟ್ಟುಕೊಂಡರೆ ಬಾಣ ಬಟ್‌ನ ಮೇಲಿಂದ ಹಾರಿ ಮೈದಾನದಾಚೆಯ ಮನೆಗಳತ್ತ ಹೋಗುತ್ತದೆ.

ಕಾಂಪೌಂಡ್ ಲಿಂಬ್‌ಗಳನ್ನು, ಅಂದರೆ ಬಿಲ್ಲಿನ ಬಾಗುವ ತೋಳುಗಳನ್ನು, ಸಾಮಾನ್ಯವಾಗಿ 10 ಪೌಂಡ್ ವ್ಯಾಪ್ತಿಯಲ್ಲಿ ಇಳಿಸಬಹುದು. 50 ಪೌಂಡ್ ಲಿಂಬ್ 40ಕ್ಕೆ ಬರುತ್ತದೆ, 70ರದ್ದು 60ಕ್ಕೆ ಬರುತ್ತದೆ, ಅಷ್ಟೇ. ಲಿಂಬ್ ಬೋಲ್ಟ್ ಒಂದು ಸುತ್ತು ಸಡಿಲಿಸಿದರೆ ಬಿಲ್ಲಿಗೆ ತಕ್ಕಂತೆ 2ರಿಂದ 4 ಪೌಂಡ್ ಇಳಿಯುತ್ತದೆ. ಮೇಲಿನ ಬೋಲ್ಟ್ ಎಷ್ಟು ತಿರುಗಿಸಿದಿರೋ ಕೆಳಗಿನದನ್ನೂ ಅಷ್ಟೇ ತಿರುಗಿಸಬೇಕು. ಎಷ್ಟು ಸುತ್ತಿನ ಮೇಲೆ ಸಡಿಲಿಸಬಾರದೆಂದು ಬಿಲ್ಲಿನ ಕೈಪಿಡಿಯಲ್ಲಿ ಬರೆದಿರುತ್ತದೆ. ಅದನ್ನು ಮೀರಿದರೆ ಲಿಂಬ್ ಕಿತ್ತು ಬಂದು ಮುಖಕ್ಕೆ ಬಡಿಯಬಹುದು.

ಹೆಜ್ಜೆ 4: ಎರಡು ದಾರಿ

ಒಂದು, ಎಲ್ಲರಿಗೂ ಹೊಂದುವ ಬಿಲ್ಲು. ಡೈಮಂಡ್ ಇನ್ಫಿನಿಟ್ ಎಡ್ಜ್ ಪ್ರೋ 5ರಿಂದ 70 ಪೌಂಡ್, 13ರಿಂದ 31 ಇಂಚಿನವರೆಗೆ ಹೊಂದುತ್ತದೆ. ಬೇರ್ ಕ್ರೂಸರ್ ಜಿ2 5ರಿಂದ 70 ಪೌಂಡ್, 12ರಿಂದ 30 ಇಂಚು. ಬೆಳೆಯುವ ಮಗುವಿಗೆ ಅಥವಾ ಅಪ್ಪ ಮಗಳು ಸೇರಿ ಒಂದೇ ಬಿಲ್ಲು ಬಳಸುವ ಮನೆಗೆ ಇವು ಸರಿ. ಶಾಲೆಯಲ್ಲಿ ಹತ್ತು ಮಕ್ಕಳು ಸರದಿಯಲ್ಲಿ ಆಡುವುದಾದರೆ ಅಮೆರಿಕದ ಶಾಲೆಗಳಲ್ಲಿ ಬಳಸುವ ಜೆನೆಸಿಸ್ ನೋಡಬೇಕು: 10ರಿಂದ 20 ಪೌಂಡ್, ಲೆಟ್‌ಆಫ್ ಇಲ್ಲ, ಆದ್ದರಿಂದ ಡ್ರಾ ಲೆಂತ್ ಹೊಂದಿಸುವ ಗೊಡವೆಯೇ ಇಲ್ಲ. ಹೊಂದುವ ಬಿಲ್ಲುಗಳ ಕೊರತೆ ಎಂದರೆ ಗಿಡ್ಡ ಮತ್ತು ಹಗುರ. 50 ಮೀಟರ್‌ನಲ್ಲಿ ನಿಲ್ಲಿಸಿದ ಕಡೆ ನಿಲ್ಲುವುದಿಲ್ಲ.

ಎರಡು, ಶುರುವಿಗೇ ಟಾರ್ಗೆಟ್ ಬಿಲ್ಲು. ಬೆಳವಣಿಗೆ ಮುಗಿದವರು, ತರಬೇತುದಾರರ ಬಳಿ ವಾರಕ್ಕೆ ನಾಲ್ಕು ದಿನ ಹೋಗುವವರು, ಸ್ಪರ್ಧೆಯ ಮನಸ್ಸಿರುವವರು ಇದಕ್ಕೇ ಹೋಗಲಿ. ಹೋಯ್ಟ್, ಪಿಎಸ್‌ಇ, ಮ್ಯಾಥ್ಯೂಸ್ ಮೂರರಲ್ಲೂ ಇಂಥವು ಇವೆ. ಎರಡು ವರ್ಷ ಹಳೆಯ ಮಾದರಿಯಾದರೂ ಪರವಾಗಿಲ್ಲ. ಕಂಪನಿಯ ಹೆಸರಿಗಿಂತ, ನಿಮ್ಮ ಮೈದಾನದಲ್ಲಿ ಹೆಚ್ಚು ಮಂದಿ ಬಳಸುವ ಕಂಪನಿಯದ್ದಾಗಿದ್ದರೆ ಲಾಭ. ಸ್ಕ್ರೂ, ಮಾಡ್ಯೂಲ್, ಹೆದೆ, ಸಲಹೆ ಎಲ್ಲವೂ ಅಲ್ಲೇ ಸಿಗುತ್ತವೆ.

ಹೆಜ್ಜೆ 5: ಬಿಲ್ಲಿನ ವಿವರಪಟ್ಟಿಯ ಸಂಖ್ಯೆಗಳನ್ನು ಓದುವುದು

ಆಕ್ಸಲ್ ಟು ಆಕ್ಸಲ್ ಎಂದರೆ ಎರಡು ಕ್ಯಾಮ್‌ಗಳ ಅಚ್ಚುಗಳ ನಡುವಿನ ದೂರ. ಬೇಟೆಯ ಬಿಲ್ಲಿನಲ್ಲಿ 28ರಿಂದ 33 ಇಂಚು, ಟಾರ್ಗೆಟ್‌ನಲ್ಲಿ 36ರಿಂದ 40. ಗಿಡ್ಡ ಬಿಲ್ಲನ್ನು ಪೂರ್ತಿ ಎಳೆದಾಗ ಹೆದೆಯ ಕೋನ ಚೂಪಾಗುತ್ತದೆ, ಹೆದೆ ಮೂಗಿನಿಂದ ದೂರ ಹೋಗುತ್ತದೆ, ಪೀಪ್ (ಹೆದೆಯಲ್ಲಿ ಕೂರಿಸಿದ ನೋಟದ ಕಿಂಡಿ) ಹುಡುಕಲು ತಲೆ ಬಗ್ಗಿಸಬೇಕಾಗುತ್ತದೆ. ಡ್ರಾ ಲೆಂತ್ 27ರ ಒಳಗಿದ್ದರೆ 33ರಿಂದ 36 ಸಾಕು, 28.5 ದಾಟಿದವರು 37ಕ್ಕಿಂತ ಕೆಳಗೆ ಇಳಿಯಬೇಡಿ.

ಬ್ರೇಸ್ ಹೈಟ್ ಎಂದರೆ ಹೆದೆ ಎಳೆಯದಿದ್ದಾಗ ಹಿಡಿಕೆಯ ಆಳದಿಂದ ಹೆದೆಯವರೆಗಿನ ದೂರ. 6 ಇಂಚಿನದ್ದಾದರೆ ಬಾಣ ಹೆದೆಯ ಮೇಲೆ ಹೆಚ್ಚು ಹೊತ್ತು ಇರುತ್ತದೆ; ವೇಗ ಹೆಚ್ಚು, ಆದರೆ ಆ ಹೊತ್ತಿನಲ್ಲಿ ಕೈ ಅಲುಗಿದರೆ ಬಾಣವೂ ಅಲುಗುತ್ತದೆ. ಹೊಸಬರಿಗೆ 7 ಇಂಚು ಅಥವಾ ಅದಕ್ಕಿಂತ ಹೆಚ್ಚು ಇರಲಿ.

ವೇಗದ ಅಂಕಿಗೆ ಮರುಳಾಗಬೇಡಿ. ಪೆಟ್ಟಿಗೆಯ ಮೇಲಿನ 'ಸೆಕೆಂಡಿಗೆ 320 ಅಡಿ' ಎಂಬುದು 70 ಪೌಂಡ್, 30 ಇಂಚು, 350 ಗ್ರೇನ್ (ಸುಮಾರು 23 ಗ್ರಾಂ) ಬಾಣದ ಲೆಕ್ಕ. ಅದೇ ಬಿಲ್ಲು 45 ಪೌಂಡ್, 27 ಇಂಚಿನಲ್ಲಿ ನಿಮ್ಮ ಕೈಗೆ ಕೊಡುವುದು 240ರ ಆಸುಪಾಸು. 50 ಮೀಟರ್‌ಗೆ ಅದು ಧಾರಾಳ.

ಲೆಟ್‌ಆಫ್ 65ರಿಂದ 80ರ ನಡುವೆ ಇರಲಿ. 85-90ರಲ್ಲಿ ಕೈಗೆ ಹಗುರವೇನೋ ಹೌದು. ಆದರೆ ಬೆನ್ನಿನ ಸ್ನಾಯುಗಳಿಗೆ ಎಳೆಯಲು ಏನೂ ಉಳಿಯದೆ ಗುರಿ ತೂಗಾಡುತ್ತದೆ. ಬರಿಯ ಬಿಲ್ಲಿನ ತೂಕ ಒಂದೂವರೆಯಿಂದ ಎರಡು ಕಿಲೊ ಇರುತ್ತದೆ. ಸೈಟ್, ಬಿಲ್ಲನ್ನು ಅಲುಗದಂತೆ ಹಿಡಿಯುವ ಸ್ಟೆಬಿಲೈಸರ್ ದಂಡ ಸೇರಿದರೆ ಮೂರು ಕಿಲೊ ಮುಟ್ಟುತ್ತದೆ.

ಹೆಜ್ಜೆ 6: ಜೊತೆಗಿನ ಸಾಮಾನು

ಕೈಯಲ್ಲಿರುವ ದುಡ್ಡನ್ನೆಲ್ಲ ಬಿಲ್ಲಿಗೇ ಸುರಿದು, ಬಾಣಕ್ಕೆ ಸಾಲದೆ ಸಿಕ್ಕಿದ್ದನ್ನು ತರುವುದು ಸಾಮಾನ್ಯ ತಪ್ಪು. ಬಜೆಟ್ ಹತ್ತು ಪಾಲಾದರೆ ಬಿಲ್ಲಿಗೆ ಐದು ಸಾಕು.

ರಿಲೀಸರ್: ಮೊದಲ ಆರು ತಿಂಗಳಿಗೆ ಮಣಿಕಟ್ಟಿಗೆ ಪಟ್ಟಿ ಕಟ್ಟುವ, ತೋರುಬೆರಳಿನ ಟ್ರಿಗರ್‌ನದು ಒಳ್ಳೆಯದು. ಕೈಯಿಂದ ಜಾರಿ ಹೋಗುವುದಿಲ್ಲ. ಎಳೆಯುವಾಗ ಬೆರಳು ಟ್ರಿಗರ್‌ನ ಹಿಂದೆ ಇರಬೇಕು; ಮುಂದೆ ಇಟ್ಟು ಎಳೆದರೆ ಅರ್ಧದಲ್ಲೇ ಬಿಟ್ಟುಕೊಂಡು ಮುಷ್ಟಿ ಬಾಯಿಗೇ ಬಡಿಯುತ್ತದೆ. ಟ್ರಿಗರ್ ಅನ್ನು ಕುಟ್ಟುವ ಚಾಳಿ ಹತ್ತಿದರೆ ಹೆಬ್ಬೆರಳಿನ ಬಟನ್‌ಗೆ ಬದಲಾಯಿಸಿ. ಟ್ರಿಗರ್ ಇಲ್ಲದೆ, ಕೈ ತಿರುಗಿದಾಗ ಹೆದೆ ಬಿಡುವ ಹಿಂಜ್ ಬಗೆ ತರಬೇತುದಾರರಿಲ್ಲದೆ ಬೇಡ.

ರೆಸ್ಟ್ (ಬಾಣ ಕೂರುವ ಆಸರೆ): ಟಾರ್ಗೆಟ್‌ಗೆ ತೆಳುವಾದ ಉಕ್ಕಿನ ಬ್ಲೇಡ್ ರೂಢಿಯಲ್ಲಿದೆ, ಆದರೆ ಹೊಸಬರ ಕೈಯಲ್ಲಿ ಬಾಣ ಪದೇ ಪದೇ ಜಾರಿ ಬೀಳುತ್ತದೆ. ಬಾಣ ಹೊರಟಾಗ ತಾನೇ ಕೆಳಗೆ ಬೀಳುವ ಡ್ರಾಪ್ ಅವೇ ರೆಸ್ಟ್ ಒಳ್ಳೆಯ ನಡುದಾರಿ. ಸುತ್ತಲೂ ಬಿರುಗೂದಲಿರುವ ಬಗೆ ಬಾಣವನ್ನು ಭದ್ರವಾಗಿ ಹಿಡಿಯುತ್ತದೆ, ಆದರೆ ಗರಿಗಳನ್ನು ಬೇಗ ಸವೆಸುತ್ತದೆ.

ಸೈಟ್: ಬಿಲ್ಲು ಓರೆಯಾದದ್ದನ್ನು ತೋರಿಸುವ ಗುಳ್ಳೆ ಮಟ್ಟವಿರುವ, ಮಸೂರ ಹಾಕಲು ಬರುವ ಸ್ಕೋಪ್ ಕೊಳ್ಳಿ. ಮಸೂರದ ಶಕ್ತಿ ಕಡಿಮೆ ಇರಲಿ, 0.50 ಡಯಾಪ್ಟರ್ ಸಾಕು. ಶಕ್ತಿ ಹೆಚ್ಚಿದಂತೆ ಗುರಿ ಮಾತ್ರವಲ್ಲ, ಕೈಯ ನಡುಕವೂ ದೊಡ್ಡದಾಗಿ ಕಾಣುತ್ತದೆ. ಬ್ಯಾಟರಿ ದೀಪದ ಸೈಟ್‌ಗೆ ಸ್ಪರ್ಧೆಯಲ್ಲಿ ಅನುಮತಿಯಿಲ್ಲ. ಪೌಂಡೇಜ್ ತೀರಾ ಕಡಿಮೆ ಇರುವವರು ಒಂದನ್ನು ಗಮನಿಸಬೇಕು: 50 ಮೀಟರ್‌ಗೆ ಸ್ಕೋಪ್ ಬಹಳ ಕೆಳಗಿಳಿದು ಬಾಣದ ಗರಿಗೆ ತಾಗಬಹುದು. ಅಂಥವರು ಮೊದಲು 30 ಮೀಟರ್‌ನಲ್ಲಿ ಗಟ್ಟಿಯಾಗಲಿ.

ಬಾಣ: ಕನಿಷ್ಠ ಒಂದು ಡಜನ್, ಎಲ್ಲವೂ ಒಂದೇ ಬಗೆಯವು. ಉದ್ದ ಡ್ರಾ ಲೆಂತ್‌ಗಿಂತ ಅರ್ಧದಿಂದ ಒಂದು ಇಂಚು ಹೆಚ್ಚಿರಲಿ, ಪೂರ್ತಿ ಎಳೆದಾಗ ಮೊನೆ ರೆಸ್ಟ್‌ನ ಮುಂದೆಯೇ ಇರಬೇಕು. ಸ್ಪೈನ್ ಎಂದರೆ ಬಾಣದ ಬಿಗುವು. 28 ಇಂಚು ಅಂತರದ ಎರಡು ಆಧಾರಗಳ ಮೇಲಿಟ್ಟು ನಡುವೆ 1.94 ಪೌಂಡ್ ತೂಗುಹಾಕಿದಾಗ ಅರ್ಧ ಇಂಚು ಬಾಗಿದರೆ 500. ಸಂಖ್ಯೆ ಹೆಚ್ಚಿದಷ್ಟೂ ಬಾಣ ಮೆದು. 40-45 ಪೌಂಡ್, 27 ಇಂಚಿನವರಿಗೆ 500-600ರ ನಡುವಿನದು ಹೊಂದುತ್ತದೆ. ಕೊಳ್ಳುವ ಮೊದಲು ಆ ಬಾಣದ ಕಂಪನಿಯ ಪಟ್ಟಿ ನೋಡಿ. ತೂಕ ಪೌಂಡಿಗೆ 5 ಗ್ರೇನ್‌ಗಿಂತ ಇಳಿಯಬಾರದು: 40 ಪೌಂಡ್‌ಗೆ 200 ಗ್ರೇನ್, ಅಂದರೆ ಸುಮಾರು 13 ಗ್ರಾಂ. ಅದಕ್ಕಿಂತ ಹಗುರವಾದರೆ ಹೊಡೆತದ ಶಕ್ತಿ ಬಾಣಕ್ಕೆ ಹೋಗದೆ ಬಿಲ್ಲಿಗೇ ಮರಳುತ್ತದೆ. ಕಾರ್ಬನ್ ಬಾಣವನ್ನು ಪ್ರತಿ ಸಲ ಹೊಡೆಯುವ ಮೊದಲು ತುಸು ಬಾಗಿಸಿ, ತಿರುಚಿ, ಕಿವಿಗೊಡಿ. ಚಿಟಿಚಿಟಿ ಸದ್ದು ಬಂದರೆ ಮುರಿದು ಎಸೆಯಿರಿ. ಬಿರುಕು ಬಿಟ್ಟ ಬಾಣ ಹೊಡೆಯುವಾಗ ಸೀಳಿ ಕೈಯೊಳಗೆ ಹೊಕ್ಕೀತು.

ಸ್ಟೆಬಿಲೈಸರ್ ಉದ್ದದ್ದು ಶುರುವಿಗೆ ಬೇಕಿಲ್ಲ.

ಹೆಜ್ಜೆ 7: ಅಂಗಡಿಯಲ್ಲಿ

ಬಾಣವಿಲ್ಲದೆ ಹೆದೆ ಎಳೆದು ಬಿಡಬೇಡಿ. ಡ್ರೈ ಫೈರ್ ಎಂಬ ಈ ಒಂದೇ ಹೊಡೆತಕ್ಕೆ ಲಿಂಬ್ ಬಿರುಕು ಬಿಡುತ್ತದೆ, ಕ್ಯಾಮ್ ಬಾಗುತ್ತದೆ, ಹೆದೆ ಹಳಿತಪ್ಪುತ್ತದೆ, ವಾರಂಟಿ ಹೋಗುತ್ತದೆ. ಎಳೆದು ನೋಡುವಾಗಲೂ ಬಾಣ ಹೂಡಿ, ಬಟ್‌ಗೆ ಮುಖ ಮಾಡಿ ನಿಲ್ಲಿ. ಹೊಡೆಯದೆ ವಾಪಸ್ ಬಿಡುವುದನ್ನು ಮೊದಲು ಕಲಿಯಿರಿ: ಕ್ಯಾಮ್ ಹಿಂದಿರುಗುವ ಗಳಿಗೆಯಲ್ಲಿ 10 ಪೌಂಡ್ ಇದ್ದದ್ದು ಒಮ್ಮೆಗೇ 40 ಆಗಿ ಕೈಯನ್ನು ಮುಂದಕ್ಕೆ ಸೆಳೆಯುತ್ತದೆ, ಮೈ ಅದಕ್ಕೆ ಸಿದ್ಧವಿರಬೇಕು.

ಅಂಗಡಿಯವರ ಬಳಿ ಲಿಂಬ್‌ಗಳನ್ನು ಒತ್ತಿ ಹೆದೆ ಸಡಿಲಿಸುವ ಬೋ ಪ್ರೆಸ್ ಇದೆಯೇ ಕೇಳಿ. ಕಾಂಪೌಂಡ್ ಹೆದೆಯನ್ನು ಕೈಯಿಂದ ಬದಲಾಯಿಸಲು ಆಗದು. ಪೀಪ್ ಕೂರಿಸುವುದೂ ಪ್ರೆಸ್‌ನ ಕೆಲಸವೇ. ಪ್ರೆಸ್ ಇಲ್ಲದವರಿಂದ ಅಗ್ಗಕ್ಕೆ ಕೊಂಡರೆ ಉಳಿಸಿದ ದುಡ್ಡು ಕೊರಿಯರ್‌ಗೆ ಹೋಗುತ್ತದೆ. ಮನೆಗೆ ತರುವ ಮೊದಲು ಡ್ರಾ ಲೆಂತ್ ಹೊಂದಿಸಿ, ರಿಲೀಸರ್ ಸಿಕ್ಕಿಸುವ ಕುಣಿಕೆಯಾದ ಡಿ ಲೂಪ್ ಕಟ್ಟಿಸಿ, ಪೀಪ್ ನಿಮ್ಮ ಕಣ್ಣಿನ ಎತ್ತರಕ್ಕೆ ಕೂರಿಸಿಕೊಳ್ಳಿ. ಪೀಪ್ ಪರೀಕ್ಷೆ ಸುಲಭ: ಕಣ್ಣು ಮುಚ್ಚಿ ಎಳೆದು, ಕೈ ದವಡೆಗೆ ಕೂತ ಮೇಲೆ ಕಣ್ಣು ತೆರೆಯಿರಿ. ತಲೆ ಅಲುಗಿಸದೆ ಪೀಪ್‌ನೊಳಗೆ ಸ್ಕೋಪ್ ಕಂಡರೆ ಸರಿ.

ಹಳೆಯ ಬಿಲ್ಲಾದರೆ ಹತ್ತಿಯ ಉಂಡೆಯನ್ನು ಲಿಂಬ್‌ಗಳ ಎರಡೂ ಮೈಯ ಮೇಲೆ, ಅಂಚಿನ ಮೇಲೆ ಎಳೆಯಿರಿ. ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲಿ ಸೀಳಿದೆ. ಆ ಬಿಲ್ಲು ಬೇಡವೇ ಬೇಡ. ಕ್ಯಾಮ್ ಅಂಚಿನಲ್ಲಿ ಕಚ್ಚು ಇದ್ದರೆ ಹೆದೆಯನ್ನು ಕತ್ತರಿಸುತ್ತದೆ. ಅಚ್ಚುಗಳ ತುದಿಯ ಕ್ಲಿಪ್ ಎಣಿಸಿ. ಹೆದೆ ನವಿರೆದ್ದಿದ್ದರೆ ಹೊಸ ಹೆದೆ, ಕೇಬಲ್‌ಗಳ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಆ ಮಾದರಿಯ ಮಾಡ್ಯೂಲ್ ಇನ್ನೂ ಸಿಗುತ್ತದೆಯೇ ನೋಡಿಕೊಂಡೇ ಮಾತು ಮುಗಿಸಿ.

ತಂದ ಮೇಲೆ

ಮಹಡಿಯ ಮೇಲೆ, ಹಿತ್ತಿಲಲ್ಲಿ ಆಡಬೇಡಿ. 40 ಪೌಂಡ್ ಕಾಂಪೌಂಡ್‌ನಿಂದ ತಪ್ಪಿದ ಬಾಣ 150 ಮೀಟರ್ ದಾಟಿ ಹೋಗುತ್ತದೆ. ಒಣಹುಲ್ಲಿನ ಸಡಿಲ ಕಟ್ಟನ್ನು ತೂರಿಕೊಂಡೂ ಹೋಗುತ್ತದೆ.

ಮೊದಲ ಇನ್ನೂರು ಮುನ್ನೂರು ಬಾಣಗಳಲ್ಲಿ ಹೊಸ ಹೆದೆ ತುಸು ಹಿಗ್ಗುವುದು ಸಹಜ. ಪೀಪ್ ಓರೆಯಾಗಿ ತಿರುಗಿದಂತೆ ಕಂಡರೆ, ಇದ್ದಕ್ಕಿದ್ದಂತೆ ಬಾಣಗಳು ಮೇಲೆ ಕೆಳಗೆ ಬಿದ್ದರೆ ಸೈಟ್ ಮುಟ್ಟುವ ಮೊದಲು ಅಂಗಡಿಗೆ ಒಯ್ದು ಎರಡೂ ಕ್ಯಾಮ್ ಒಟ್ಟಿಗೆ ತಿರುಗುತ್ತಿವೆಯೇ ನೋಡಿಸಿ. ಎರಡು ವಾರಕ್ಕೊಮ್ಮೆ ಹೆದೆಗೆ ಮೇಣ ಹಚ್ಚಿ ಬೆರಳಿನಿಂದ ಉಜ್ಜಿ. ದಾರ ಸುತ್ತಿದ ಭಾಗಕ್ಕೆ ಬೇಡ. ಮಳೆಯಲ್ಲಿ ಆಡಿದ ದಿನ ಒರೆಸಿ ಒಣಗಿಸಿ ಚೀಲಕ್ಕೆ ಹಾಕಿ. ಏಪ್ರಿಲ್-ಮೇ ಬಿಸಿಲಿನಲ್ಲಿ ಕಿಟಕಿ ಮುಚ್ಚಿದ ಕಾರಿನಲ್ಲಿ ಬಿಲ್ಲು ಬಿಟ್ಟು ಹೋಗಬೇಡಿ: ಆ ಕಾವಿಗೆ ಹೆದೆ ಹಿಗ್ಗುತ್ತದೆ, ಲಿಂಬ್‌ನ ಪದರಗಳೂ ಬಿಟ್ಟುಕೊಳ್ಳಬಹುದು.